ಬೀಪ್ ಅಂದ ಮಾತ್ರಕ್ಕೆ ಶಾರ್ಟ್ ಅಲ್ಲ: ಒಳ್ಳೇ ಚಿಪ್ಪನ್ನು ನಾನೇ ಸುಟ್ಟ ಕತೆ

ಮನೆಯಲ್ಲೇ ಬೋರ್ಡ್ ರಿಪೇರಿ ಕಲಿಯುತ್ತಿರುವವರು ಇದನ್ನೊಮ್ಮೆ ಓದಿ. ಮೀಟರ್ ಜೊತೆಗೆ ಬೆಂಚ್ ಪವರ್ ಸಪ್ಲೈ (ವೋಲ್ಟೇಜ್, ಕರೆಂಟ್ ಲಿಮಿಟ್ ನಾವೇ ಸೆಟ್ ಮಾಡುವಂಥದ್ದು) ಕೂಡ ಇಟ್ಟುಕೊಂಡಿದ್ದರೆ ಖಂಡಿತ ಓದಿ.

ಅಕ್ಕನ ಮಗ ತನ್ನ ಹಳೇ ಜಿಟಿಎಕ್ಸ್ 1080 ಟೈ ಗ್ರಾಫಿಕ್ಸ್ ಕಾರ್ಡ್ ತಂದುಕೊಟ್ಟಿದ್ದ. ಅದನ್ನು ಹಾಕಿ ಪಿಸಿ ಆನ್ ಮಾಡಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತಿತ್ತು. ಕಾರ್ಡ್ ತೆಗೆದರೆ ಪಿಸಿ ಸರಿ. ಅಂದರೆ ಕಾರ್ಡಲ್ಲೇ ಎಲ್ಲೋ ಶಾರ್ಟ್ ಇದೆ, ಅದಕ್ಕೇ ಪಿಸಿಯ ಎಸ್‌ಎಂಪಿಎಸ್ (ಪವರ್ ಸಪ್ಲೈ) ಟ್ರಿಪ್ ಆಗುತ್ತಿದೆ. ಇಲ್ಲಿವರೆಗೆ ನನ್ನ ಲೆಕ್ಕ ಸರಿಯಾಗೇ ಇತ್ತು.

ಮೀಟರನ್ನು ಬಜರ್‌ಗೆ ಹಾಕಿದೆ, ಅಂದರೆ ಎರಡು ಪ್ರೋಬ್ ನಡುವೆ ರೆಸಿಸ್ಟೆನ್ಸ್ ಕಡಿಮೆ ಇದ್ದರೆ ಬೀಪ್ ಅನ್ನುವ ಮೋಡ್. ಕಪ್ಪು ಪ್ರೋಬ್ ಗ್ರೌಂಡಿಗೆ, ಕೆಂಪು ಪ್ರೋಬ್ ಮುಖ್ಯ ಚಿಪ್ ಪಕ್ಕದ, ಅದಕ್ಕೆ ಪವರ್ ಹೋಗುವ ಕಾಯಿಲ್‌ಗೆ. ಬೀಪ್! ಆ ಸಾಲಿನ ಕಾಯಿಲೆಲ್ಲಾ ಬೀಪ್. ಓಮ್ಸ್‌ಗೆ ತಿರುಗಿಸಿದರೆ 0.6. ಸಿಕ್ಕಿಬಿದ್ದ ಕಳ್ಳ ಅಂದುಕೊಂಡೆ.

ಯಾವುದೋ ವಿಡಿಯೋದಲ್ಲಿ ನೋಡಿದ್ದೆ, ಹೊರಗಿಂದ ವೋಲ್ಟೇಜ್ ಕೊಡಿ, ಬಿಸಿಯಾದ ಪಾರ್ಟೇ ಶಾರ್ಟ್ ಅಂತ. ಸಪ್ಲೈಯನ್ನು 3.3 ವೋಲ್ಟ್, 10 ಆಂಪಿಯರ್‌ಗೆ ಇಟ್ಟು, ಚಿಪ್ ಮೇಲೆ ಒಂದಿಷ್ಟು ಐಪಿಎ (ಬಿಸಿ ತಾಗಿದರೆ ಬೇಗ ಆರಿಹೋಗುವ ಆಲ್ಕೋಹಾಲ್) ಸುರಿದು, ವೈರ್ ಮುಟ್ಟಿಸಿದೆ. ಕರೆಂಟ್ ಸೀದಾ ಲಿಮಿಟ್‌ಗೆ ಹೋಯಿತು. ಐಪಿಎ ನೋಡನೋಡುತ್ತಲೇ ಆರಿಹೋಯಿತು. ಚಿಪ್ಪೇ ಹೋಗಿದೆ ಅಂತ ತೀರ್ಪು ಕೊಟ್ಟು, ಇನ್ನೊಮ್ಮೆ ಅಳೆದೆ. ಈಗ 0.2. ನನ್ನ ಪ್ರೋಬ್‌ಗಳನ್ನು ಒಂದಕ್ಕೊಂದು ಮುಟ್ಟಿಸಿದರೆ ಬರುವುದೂ 0.2.

ಅಂದರೆ ಮೊದಲು ಇದ್ದ 0.4 ಓಮ್ ಈಗ ಸೊನ್ನೆ. ಆಗಲೂ ನನಗೆ ತಲೆಗೆ ಹೋಗಲಿಲ್ಲ.

ಬೆಂಗಳೂರಿನ ಎಸ್‌ಪಿ ರೋಡ್ ಗಲ್ಲಿಯಲ್ಲಿ ಬೋರ್ಡ್ ಕೆಲಸ ಮಾಡುವ ಹಿರಿಯರೊಬ್ಬರ ಹತ್ತಿರ ತಗೊಂಡು ಹೋದೆ. ಅವರು ಕೇಳಿದ ಮೊದಲ ಮಾತು, '12 ವೋಲ್ಟ್ ಲೈನ್ ನೋಡಿದ್ರಾ?' ನೋಡಿರಲಿಲ್ಲ. ಪವರ್ ಸಾಕೆಟ್‌ನಲ್ಲಿ ಮುಟ್ಟಿಸಿದರು, ಪೂರ್ತಿ ಶಾರ್ಟ್. ಅಕ್ಕಿಕಾಳಿನಷ್ಟು ಗಾತ್ರದ ಸೆರಾಮಿಕ್ ಕೆಪಾಸಿಟರ್ ಒಂದನ್ನು ಎತ್ತಿದ ಮೇಲೆ ಆ ಲೈನ್ ಸಾವಿರಾರು ಓಮ್‌ಗೆ ಏರಿತು. ಇಷ್ಟೇ ಇದ್ದದ್ದು. ಆಮೇಲೆ ಕೋರ್, ಅಂದರೆ ನಾನು ವೋಲ್ಟೇಜ್ ಕೊಟ್ಟಿದ್ದ ಚಿಪ್‌ನ ಮುಖ್ಯ ಪವರ್ ಲೈನ್, ಅಳೆದು ನನ್ನ ಮುಖ ನೋಡಿದರು. 'ಇದು ನಿಮ್ಮದೇ ಕೆಲಸ ಅಲ್ವಾ ಸಾರ್?'

ವಿಷಯ ಏನಪ್ಪಾ ಅಂದರೆ, ಆ ಚಿಪ್‌ನಲ್ಲಿ ಸುಮಾರು 1,200 ಕೋಟಿ ಟ್ರಾನ್ಸಿಸ್ಟರ್ ಇವೆ. ಟ್ರಾನ್ಸಿಸ್ಟರ್ ಆಫ್ ಇದ್ದರೂ ಪೂರ್ತಿ ಬಂದ್ ಆಗಿರುವುದಿಲ್ಲ, ವಾಷರ್ ಸವೆದ ನಲ್ಲಿಯ ಹಾಗೆ ಚೂರು ಸೋರುತ್ತಲೇ ಇರುತ್ತದೆ. ಒಂದೊಂದು ಬರೀ ಒಂದು ನ್ಯಾನೋ ಆಂಪಿಯರ್ ಸೋರುತ್ತದೆ ಅಂತಿಟ್ಟುಕೊಳ್ಳಿ, ಒಟ್ಟು ಲೆಕ್ಕ 12 ಆಂಪಿಯರ್! ಅಷ್ಟೂ ಸೋರಿಕೆ ಸೇರಿ ಮೀಟರ್‌ಗೆ ಅರ್ಧ ಓಮ್ ಥರ ಕಾಣುತ್ತದೆ. ಇಂಥ ದೊಡ್ಡ ಚಿಪ್‌ನ ಕೋರ್‌ಗೆ ಅದು ಆರೋಗ್ಯದ ಲಕ್ಷಣ. ಬಜರ್‌ಗೆ ಇದೆಲ್ಲ ಗೊತ್ತಾಗಲ್ಲ, ಎಷ್ಟೋ ಮೀಟರ್‌ಗಳು 30 ಓಮ್‌ಗೂ ಕೂಗುತ್ತವೆ.

ಚಿಪ್ ಬಿಸಿಯಾಗಿದ್ದಕ್ಕೂ ಇದೇ ಕಾರಣ. ಅಷ್ಟು ಕರೆಂಟ್ ನುಗ್ಗಿಸಿದರೆ ಒಳ್ಳೇ ಚಿಪ್ಪೂ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಸೋರಿಕೆ ಜಾಸ್ತಿ. ಅದಕ್ಕಿಂತ ದೊಡ್ಡ ತಪ್ಪು 3.3 ವೋಲ್ಟ್. ಆ ಕೋರ್ ಓಡುವುದೇ 1 ವೋಲ್ಟ್ ಆಸುಪಾಸಿನಲ್ಲಿ. ಕರೆಂಟ್ ಲಿಮಿಟ್ ಇದೆಯಲ್ಲ ಅಂತ ಧೈರ್ಯವಾಗಿದ್ದೆ. ಆದರೆ ವೈರ್ ಮುಟ್ಟಿಸಿದ ಕ್ಷಣ ಸಪ್ಲೈಯ ಔಟ್‌ಪುಟ್ ಕೆಪಾಸಿಟರ್‌ನಲ್ಲಿ ತುಂಬಿದ್ದೆಲ್ಲ ಮೊದಲು ನುಗ್ಗುತ್ತದೆ, ಲಿಮಿಟ್ ಎಚ್ಚರವಾಗುವುದು ಆಮೇಲೆ.

ಈಗ ನಾನು ಮೊದಲು 12 ವೋಲ್ಟ್ ಅಳೆಯುತ್ತೇನೆ, ಆಮೇಲೆ 5, 3.3, ಮೆಮೊರಿ, ಕೊನೆಗೆ ಕೋರ್. ಪ್ರೋಬ್‌ನ 0.2 ಕಳೆಯದೆ ಯಾವ ನಂಬರನ್ನೂ ನಂಬುವುದಿಲ್ಲ. ಸಾಧ್ಯವಾದರೆ ಅದೇ ಮಾಡೆಲ್‌ನ ಒಳ್ಳೇ ಬೋರ್ಡ್ ಜೊತೆ, ಅದೇ ಮೀಟರಲ್ಲೇ ಹೋಲಿಸುತ್ತೇನೆ, ಯಾಕೆಂದರೆ ಮೀಟರ್ ಬದಲಾದರೆ ನಂಬರೂ ಬದಲಾಗುತ್ತದೆ. ಅನುಮಾನ ಇದ್ದರೆ ಹೇರ್ ಡ್ರೈಯರ್‌ನಿಂದ ಚಿಪ್ಪನ್ನು ಸ್ವಲ್ಪ ಬೆಚ್ಚಗೆ ಮಾಡಿ: ರೀಡಿಂಗ್ ಇಳಿದು, ತಣ್ಣಗಾದ ಮೇಲೆ ಮತ್ತೆ ಏರಿದರೆ ಅದು ಸೋರಿಕೆ. ನಿಜವಾದ ಶಾರ್ಟ್ ಹೀಗೆ ಅಲ್ಲಾಡುವುದಿಲ್ಲ. ವೋಲ್ಟೇಜ್ ಕೊಡಲೇಬೇಕು ಅಂದರೆ ಸೊನ್ನೆಯಲ್ಲಿಟ್ಟು ವೈರ್ ಜೋಡಿಸಿ, ಆಮೇಲೆ ಮೆಲ್ಲಗೆ ಏರಿಸಿ, ಆ ಲೈನ್‌ನ ವೋಲ್ಟೇಜ್ ದಾಟಬೇಡಿ.

ಅಕ್ಕನ ಮಗ ಪ್ರತಿ ಭಾನುವಾರ ಫೋನ್ ಮಾಡುತ್ತಾನೆ. 'ಮಾವ, ಕಾರ್ಡ್ ಆಯ್ತಾ?' ಪಾರ್ಟ್ ಬರಬೇಕು ಕಣೋ ಅಂದಿದ್ದೇನೆ. ಸೆಕೆಂಡ್ ಹ್ಯಾಂಡ್ ಕಾರ್ಡ್ ಹುಡುಕುತ್ತಿದ್ದೇನೆ.