ಕಟ್ಟಿದ ದೋಣಿ, ಬಿಚ್ಚಿದ ದೋಣಿ: ಇಂಗ್ಲೆಂಡಿನ ನಾಲೆಯಲ್ಲಿ ಎರಡು ವರ್ಷ

ಮಂಡ್ಯ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ನಾಲೆ ಎಂದರೆ ಗದ್ದೆಗೆ ನೀರು ಬರುವ ದಾರಿ. ನಾಟಿಗೆ ಮೊದಲು ನೀರು ಬಿಟ್ಟರೋ ಇಲ್ಲವೋ ಎಂದು ಕೇಳುತ್ತೇವೆ, ಮಕ್ಕಳನ್ನು ಅದರ ಏರಿಯಿಂದ ದೂರ ಇಡುತ್ತೇವೆ. ನಾಲೆಯ ಮೇಲೆ ಸಂಸಾರ ಹೂಡಬಹುದೆಂದು ನನಗೆ ಗೊತ್ತಾದದ್ದು ಇಂಗ್ಲೆಂಡಿಗೆ ಬಂದ ಮೇಲೆ. 2023ರ ಅಕ್ಟೋಬರ್‌ನಲ್ಲಿ ನಾನೂ ನನ್ನ ಪತಿಯೂ ರಗ್ಬಿ ಊರಿನ ಬಾಡಿಗೆ ಮನೆ ಬಿಟ್ಟು 57 ಅಡಿ ಉದ್ದದ ಹಳೆಯ ನ್ಯಾರೋಬೋಟ್ ಎಂಬ ಕಿರಿದಾದ ದೋಣಿಯೊಂದನ್ನು ಕೊಂಡೆವು. ಅಗಲ 6 ಅಡಿ 10 ಅಂಗುಲ. ಇಲ್ಲಿನ ಕಿರಿದಾದ ನಾಲೆಗಳಲ್ಲಿ ದೋಣಿಯನ್ನು ಏರಿಸಿ ಇಳಿಸುವ ಲಾಕ್‌ಗಳು ಸುಮಾರು 7 ಅಡಿ ಅಗಲವಿರುವುದರಿಂದ ದೋಣಿಗಳೂ ಆ ಅಳತೆಯವೇ. ದೋಣಿಗೆ ಸುಗ್ಗಿ ಎಂದು ಹೆಸರಿಟ್ಟೆವು.

ದೋಣಿ ಕೊಂಡವರ ಮುಂದೆ ಮೊದಲ ದಿನವೇ ಬಂದು ನಿಲ್ಲುವ ಪ್ರಶ್ನೆ ಒಂದೇ: ಅದನ್ನು ಎಲ್ಲಿ ಕಟ್ಟುವುದು? ಮರೀನಾ ಎಂಬ ದೋಣಿ ನಿಲ್ದಾಣದಲ್ಲೋ ನಾಲೆಯ ದಂಡೆಯಲ್ಲೋ ಬಾಡಿಗೆ ಕೊಟ್ಟು ಖಾಯಂ ಮೂರಿಂಗ್, ಅಂದರೆ ದೋಣಿ ಕಟ್ಟುವ ಜಾಗ, ಹಿಡಿಯಬಹುದು. ಇಲ್ಲವೇ ಯಾವ ನೆಲೆಯೂ ಇಲ್ಲದೆ ವರ್ಷವಿಡೀ ಸಾಗುತ್ತಲೇ ಇರಬಹುದು. ನಾವು ಒಂದು ವರ್ಷ ಮೊದಲನೆಯದನ್ನೂ ಇನ್ನೊಂದು ವರ್ಷ ಎರಡನೆಯದನ್ನೂ ಬದುಕಿ ನೋಡಿದೆವು. ದೋಣಿ ಅದೇ, ಸಂಸಾರ ಅದೇ, ಕೆಲಸವೂ ಅದೇ. ಆದ್ದರಿಂದ ಹೋಲಿಸುವ ಹಕ್ಕು ನಮಗಿದೆ ಎಂದುಕೊಂಡಿದ್ದೇನೆ.

ಮೊದಲು ಕಾನೂನು. 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆಯ ಪ್ರಕಾರ ಖಾಯಂ ಮೂರಿಂಗ್ ಇಲ್ಲದ ದೋಣಿ ಒಂದು ಜಾಗದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಸಕಾರಣವಿದ್ದರೆ ಇನ್ನಷ್ಟು ದಿನ ಇರಬಹುದು. ಇದು ಸೇತುವೆಯ ಆ ಕಡೆಯಿಂದ ಈ ಕಡೆಗೆ ಬಂದು ಕಟ್ಟಿಕೊಳ್ಳುವ ಲೆಕ್ಕವಲ್ಲ, ನಿಜವಾಗಿಯೂ ಪ್ರಯಾಣದಲ್ಲಿರಬೇಕು. 2012ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗವನ್ನು ನೋಡಿಕೊಳ್ಳುತ್ತಿರುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಹೀಗೆ ಸಾಗುವ ದೋಣಿಗಳಿಗೆ 2024ರ ಏಪ್ರಿಲ್‌ನಿಂದ ಲೈಸೆನ್ಸ್ ಶುಲ್ಕದ ಮೇಲೆ ಹೆಚ್ಚುವರಿ ವಸೂಲಿ ಮಾಡುತ್ತಿದೆ. ಅದು ಶೇ. 5ರಿಂದ ಶುರುವಾಗಿ ವರ್ಷ ವರ್ಷ ಏರುತ್ತದೆ. ಮರೀನಾದ ಕಡೆಯೂ ಒಂದು ವಿಷಯ ತಿಳಿದಿರಲಿ: ಅಲ್ಲಿನ ಮೂರಿಂಗ್‌ಗಳೆಲ್ಲ ವಾಸಕ್ಕಲ್ಲ. ಬಹುಪಾಲು ಕಡೆ ದೋಣಿಯನ್ನು ಇಡಬಹುದೇ ಹೊರತು ಅದನ್ನೇ ಮನೆ ಮಾಡಿಕೊಳ್ಳಲು ಅನುಮತಿ ಇರುವುದಿಲ್ಲ. ನಾವು ಅನುಮತಿ ಇದ್ದ ಕಡೆಯೇ ಹುಡುಕಿ ಹಿಡಿದೆವು. ಬಾಡಿಗೆ ಹೆಚ್ಚಾಯಿತು, ಆದರೆ ನಿದ್ದೆ ಚೆನ್ನಾಗಿ ಬಂತು.

ಮರೀನಾದ ಸುಖಗಳು ದೊಡ್ಡವು. ನಲ್ಲಿ ಪಕ್ಕದಲ್ಲೇ, ದಂಡೆಯಿಂದ ತಂತಿ ಎಳೆದು ಕೊಟ್ಟ ವಿದ್ಯುತ್, ಕಚೇರಿಯ ಕಪಾಟಿನಲ್ಲಿ ನಮಗೆ ಬಂದ ಅಂಚೆ. ಚಳಿಗಾಲದ ಬೆಳಿಗ್ಗೆ ಏಳಕ್ಕೆ ಇನ್ನೂ ಕತ್ತಲಿರುವಾಗ ಮಿಕ್ಸಿ ಹಾಕಿ ಕಾಯಿ ಚಟ್ನಿ ರುಬ್ಬಿ, ಲ್ಯಾಪ್‌ಟಾಪ್ ತೆರೆದು ಕೂತರೆ ಯಾವ ಯೋಚನೆಯೂ ಇರುತ್ತಿರಲಿಲ್ಲ. ನೆರೆಯವರು ಒಳ್ಳೆಯವರು. ಜನವರಿಯಲ್ಲಿ ನೀರು ಹೆಪ್ಪುಗಟ್ಟಿದಾಗ ಪಕ್ಕದ ದೋಣಿಯ ಮುದುಕರು ಜಾರುವ ಹಲಗೆದಾರಿಗೆ ತಾವಾಗಿಯೇ ಉಪ್ಪು ಹಾಕಿದ್ದರು.

ಆದರೆ ಮಾರ್ಚ್ ಬರುವ ಹೊತ್ತಿಗೆ ನನಗೊಂದು ಕಸಿವಿಸಿ ಹತ್ತಿಕೊಂಡಿತ್ತು. ಆರು ತಿಂಗಳಲ್ಲಿ ನಾವು ಎಂಜಿನ್ ಚಾಲೂ ಮಾಡಿ ಹೊರಗೆ ಹೋದದ್ದು ನಾಲ್ಕು ಸಲ. ಮರೀನಾದ ಬಾಯಿಂದ ಹೊರಗೆ ಬಂದು ನಾಲೆಗೆ ತಿರುಗುವುದು ಗಾಳಿಯ ದಿನ ಕಷ್ಟ, ಮರಳಿ ಕಿರಿದಾದ ಜಾಗಕ್ಕೆ ನುಗ್ಗಿಸುವುದು ಇನ್ನೂ ಕಷ್ಟ. ಹಾಗಾಗಿ ಶನಿವಾರ ಬಂದರೂ 'ಮುಂದಿನ ವಾರ ಹೋಗೋಣ' ಎನ್ನುತ್ತಿದ್ದೆವು. ಕಿಟಕಿಯಿಂದ ಕಾಣುತ್ತಿದ್ದದ್ದು ಪಕ್ಕದ ದೋಣಿಯ ಕಬ್ಬಿಣದ ಗೋಡೆ, ಮೂರು ಅಡಿ ದೂರದಲ್ಲಿ. ಕ್ರಿಸ್‌ಮಸ್ ವಾರದಲ್ಲಿ ವಿದ್ಯುತ್ ಮೀಟರ್ ಕೆಟ್ಟು ಎರಡು ದಿನ ಕತ್ತಲಲ್ಲಿದ್ದೆವು, ಕಚೇರಿಗೆ ಬೀಗ. ತಂತಿಯನ್ನೇ ನಂಬಿ ನಮ್ಮ ಬ್ಯಾಟರಿಗಳ ಸ್ಥಿತಿಯನ್ನು ನೋಡಿಯೇ ಇರಲಿಲ್ಲ, ಅವು ಆಗಲೇ ಸತ್ತಿದ್ದವು. ದೋಣಿಯಲ್ಲಿದ್ದೂ ದೋಣಿಯನ್ನು ಅರಿಯದೆ ಇದ್ದೇವೆ ಎಂದು ನನಗೆ ಖಚಿತವಾದದ್ದು ಆ ಎರಡು ರಾತ್ರಿಗಳಲ್ಲಿ.

2024ರ ಅಕ್ಟೋಬರ್‌ನಲ್ಲಿ ಹಗ್ಗ ಬಿಚ್ಚಿದೆವು. ಅದಕ್ಕೆ ಮೊದಲು ಹೊಸ ಬ್ಯಾಟರಿ, ಚಾವಣಿಯ ಮೇಲೆ ಮೂರು ಸೌರಫಲಕ, ಮತ್ತು ಶೌಚಾಲಯದ ಬದಲಾವಣೆ.

ಶೌಚಾಲಯದ ವಿಷಯ ಬಿಡಿಸಿ ಹೇಳಲೇಬೇಕು, ದೋಣಿಯ ಬದುಕಿನಲ್ಲಿ ಅದಕ್ಕಿಂತ ಹೆಚ್ಚು ಚರ್ಚೆಯಾಗುವ ವಸ್ತು ಇನ್ನೊಂದಿಲ್ಲ. ನಮ್ಮ ದೋಣಿಯಲ್ಲಿದ್ದದ್ದು ಪಂಪ್‌ಔಟ್: ಮಂಚದ ಕೆಳಗೆ ದೊಡ್ಡ ಟ್ಯಾಂಕ್, ತುಂಬಿದಾಗ ದುಡ್ಡು ಕೊಟ್ಟು ಯಂತ್ರದಿಂದ ಎಳೆಸಬೇಕು. ಮರೀನಾದಲ್ಲಿ ಯಂತ್ರ ನೂರು ಹೆಜ್ಜೆ ದೂರದಲ್ಲಿತ್ತು, ಚಿಂತೆಯೇ ಇರಲಿಲ್ಲ. ಸಾಗುವವರಿಗೆ ಇದು ಆಗದ ಮಾತು, ಏಕೆಂದರೆ ನಾಲೆ ಹೆಪ್ಪುಗಟ್ಟಿದರೆ ದೋಣಿ ಯಂತ್ರದವರೆಗೆ ಹೋಗಲಾರದು. ಕ್ಯಾಸೆಟ್ ಹಾಗಲ್ಲ. ಸುಮಾರು 20 ಲೀಟರಿನ ಪೆಟ್ಟಿಗೆ, ತುಂಬಿದರೆ ಕೈಗಾಡಿಯಲ್ಲಿಟ್ಟು ದಂಡೆಯ ಮೇಲೆ ನಡೆದಾದರೂ ಎಲ್ಸಾನ್ ಎಂಬ ವಿಲೇವಾರಿ ಜಾಗಕ್ಕೆ ಒಯ್ಯಬಹುದು. ಟ್ರಸ್ಟ್‌ನ ಬೀಗದಕೈ ಇದ್ದರೆ ಆ ಬಾಗಿಲು ಪುಕ್ಕಟೆ ತೆರೆಯುತ್ತದೆ. ಮೂರು ಕ್ಯಾಸೆಟ್ ಇಟ್ಟುಕೊಂಡರೆ ಇಬ್ಬರಿಗೆ ಒಂದು ವಾರ ನಿಶ್ಚಿಂತೆ. ಮೊದಲ ಸಲ ಖಾಲಿ ಮಾಡುವಾಗ ಮುಖ ಹಿಂಡಿದ್ದು ನಿಜ, ಐದನೆಯ ಸಲಕ್ಕೆ ಅದು ಪಾತ್ರೆ ತೊಳೆದಷ್ಟೇ ಸಹಜವಾಯಿತು. ಸಾಗಬೇಕೆಂದಿರುವವರು ಕ್ಯಾಸೆಟ್ ಬಿಟ್ಟು ಬೇರೆ ಯೋಚಿಸಬೇಡಿ.

ಅಡುಗೆಯ ಲಯವೇ ಬದಲಾಯಿತು. ಮಿಕ್ಸಿಗೆ ಬೇಕಾದ ವಿದ್ಯುತ್ ಚಳಿಗಾಲದಲ್ಲಿ ಎಂಜಿನ್ ಓಡುವಾಗ ಮಾತ್ರ ಧಾರಾಳ. ಹೀಗಾಗಿ ರುಬ್ಬುವ ಕೆಲಸವೆಲ್ಲ ದೋಣಿ ಸಾಗುವಾಗ. ನನ್ನವರು ಹಿಂದೆ ಟಿಲ್ಲರ್ ಎಂಬ ಚುಕ್ಕಾಣಿಯ ಹಿಡಿ ಹಿಡಿದಿದ್ದರೆ ನಾನು ಒಳಗೆ ಉದ್ದು ಅಕ್ಕಿ ರುಬ್ಬುತ್ತಿದ್ದೆ, ಹಿಟ್ಟಿನ ಪಾತ್ರೆಯನ್ನು ಕಲ್ಲಿದ್ದಲ ಒಲೆಯ ಹತ್ತಿರದ ಗೂಡಿನಲ್ಲಿಟ್ಟರೆ ಇಂಗ್ಲೆಂಡಿನ ಡಿಸೆಂಬರ್‌ನಲ್ಲೂ ಬೆಳಗಾಗುವಷ್ಟರಲ್ಲಿ ಉಬ್ಬುತ್ತಿತ್ತು. ಒಲೆ ಹೇಗೂ ರಾತ್ರಿ ಹಗಲು ಉರಿಯುತ್ತದೆ, ಅದರ ತಲೆಯ ಮೇಲೆ ಬಸ್ಸಾರು ಸಣ್ಣಗೆ ಕುದಿಯುತ್ತಲೇ ಇರುತ್ತದೆ. ಮುದ್ದೆಯನ್ನು ಮಾತ್ರ ಗ್ಯಾಸಿನ ಮೇಲೆಯೇ ತಿರುವಬೇಕು. ಗ್ಯಾಸ್, ಡೀಸೆಲ್, ಕಲ್ಲಿದ್ದಲನ್ನು ತುಂಬಿಕೊಂಡ ಇಂಧನ ದೋಣಿಗಳು ನಾಲೆಯಲ್ಲೇ ತಿರುಗುತ್ತವೆ. ಫೋನ್ ಮಾಡಿದರೆ ಪಕ್ಕಕ್ಕೆ ಬಂದು ಅಂಟಿಕೊಂಡು ಮೂಟೆಯನ್ನು ಚಾವಣಿಗೆ ಎತ್ತಿಡುತ್ತಾರೆ. ಚಳಿ ಬಿಗಿಯಾದಾಗ ನಮಗೆ ಒಂದು ಮೂಟೆ ಮೂರು ದಿನಕ್ಕೆ ಮುಗಿಯುತ್ತಿತ್ತು. ಇಲ್ಲಿ ಒಂದು ಎಚ್ಚರ: ಇಂಗಾಲದ ಮಾನಾಕ್ಸೈಡ್ ಅಲಾರಂ ಇಲ್ಲದೆ ಒಂದು ರಾತ್ರಿಯೂ ಮಲಗಬಾರದು.

ಒಲೆಯ ಕೆಲಸವೇ ಸಾಗುವ ಬದುಕಿನ ಅತ್ಯಂತ ಭಾರದ ಭಾಗ. ಬೆಳಿಗ್ಗೆ ಐದಕ್ಕೆ ಎದ್ದಾಗ ಒಲೆಯ ಗಾಜು ಕಪ್ಪಾಗಿ, ಒಳಗೆ ಒಂದು ಹಿಡಿ ಕೆಂಡ ಮಾತ್ರ ಉಳಿದಿರುತ್ತದೆ. ಜಾಲರಿಯ ಸರಳನ್ನು ಎಳೆದಾಡಿ ಬೂದಿ ಉದುರಿಸಬೇಕು, ನಾಲ್ಕು ತುಂಡು ಕಲ್ಲಿದ್ದಲು ಇಟ್ಟು ಕೆಳಗಿನ ಗಾಳಿಕಿಂಡಿ ತೆರೆಯಬೇಕು. ಕಿಟಕಿಯ ಚೌಕಟ್ಟಿನಲ್ಲಿ ರಾತ್ರಿಯ ಉಸಿರೆಲ್ಲ ಹನಿಯಾಗಿ ಕೂತಿರುತ್ತದೆ, ಬಟ್ಟೆಯಲ್ಲಿ ಒರೆಸಬೇಕು. ಹತ್ತು ನಿಮಿಷಕ್ಕೆ ಕಬ್ಬಿಣ ಟಿಕ್ ಟಿಕ್ ಎನ್ನುತ್ತಾ ಬಿಸಿಯಾಗತೊಡಗುತ್ತದೆ. ಮರೀನಾದಲ್ಲಿ ಇದೇ ಹೊತ್ತಿಗೆ ವಿದ್ಯುತ್ ಹೀಟರ್‌ನ ಗುಂಡಿ ಒತ್ತಿ ಮತ್ತೆ ಹೊದ್ದು ಮಲಗುತ್ತಿದ್ದೆವು. ಚಳಿಗಾಲದ ಮಟ್ಟಿಗೆ ಮರೀನಾ ಗೆದ್ದಿತು, ಇದರಲ್ಲಿ ಎರಡು ಮಾತಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಲಾಕ್‌ಗಳ ದುರಸ್ತಿಗಾಗಿ ಅಲ್ಲಲ್ಲಿ ನಾಲೆ ಮುಚ್ಚುವುದರಿಂದ ಸಾಗುವವರು ಮೊದಲೇ ಪಟ್ಟಿ ನೋಡಿ ದಾರಿ ಆರಿಸಿಕೊಳ್ಳಬೇಕಾಗುತ್ತದೆ ಕೂಡ.

ಏಪ್ರಿಲ್ ಬಂದ ಮೇಲೆ ತಕ್ಕಡಿ ಪೂರ್ತಿ ಆಚೆಗೆ ವಾಲಿತು. ನಮ್ಮ ದಾರಿ ಹೀಗೆ: ಕವೆಂಟ್ರಿಯ ಹತ್ತಿರ ನಾಲೆಗಳು ಕೂಡುವ ಹಾಕ್ಸ್‌ಬರಿ, ಆಥರ್‌ಸ್ಟೋನ್‌ನ 11 ಲಾಕ್, ಫ್ರ್ಯಾಡ್ಲಿ, ಗ್ರೇಟ್ ಹೇವುಡ್, ಅಲ್ಲಿಂದ ಶ್ರಾಪ್‌ಶೈರ್ ಯೂನಿಯನ್ ನಾಲೆ. ವೇಗದ ಮಿತಿ ಗಂಟೆಗೆ 4 ಮೈಲಿ. ಕಟ್ಟಿ ನಿಂತ ದೋಣಿಗಳ ಪಕ್ಕದಲ್ಲಿ ಅದಕ್ಕಿಂತಲೂ ಮೆಲ್ಲಗೆ ಹೋಗಬೇಕು, ಇಲ್ಲವಾದರೆ ಅವರ ಗೂಟ ಕಿತ್ತು ಬರುತ್ತದೆ. ದಂಡೆಯ ಮೇಲೆ ನಾಯಿ ಹಿಡಿದು ನಡೆಯುವವರು ನಮ್ಮನ್ನು ದಾಟಿ ಮುಂದೆ ಹೋಗುತ್ತಿದ್ದರು.

ಲಾಕ್ ದಾಟುವುದನ್ನು ಹತ್ತಿರದಿಂದ ಹೇಳುತ್ತೇನೆ. ಲಾಕ್ ಎಂದರೆ ನೀರಿನ ಮೆಟ್ಟಿಲು. ದೋಣಿ ಕೆಳಗಿನ ಬಾಗಿಲಿನಿಂದ ಒಳಗೆ ಬರುತ್ತದೆ, ಎರಡೂ ಪಕ್ಕದಲ್ಲಿ ಒಂದು ಅಂಗೈ ಜಾಗ, ಪಾಚಿ ಹಿಡಿದ ಇಟ್ಟಿಗೆ ಗೋಡೆಯಿಂದ ತಣ್ಣನೆಯ ವಾಸನೆ. ನಾನು ಬಾಗಿಲಿನ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು ಹಿಂದಕ್ಕೆ ನಡೆಯುತ್ತೇನೆ, ಟನ್‌ಗಟ್ಟಲೆ ಭಾರದ ಓಕ್ ಮರ ಮೊದಲು ಅಲುಗುವುದಿಲ್ಲ, ಆಮೇಲೆ ಒಮ್ಮೆಲೆ ಮನಸ್ಸು ಕೊಟ್ಟಂತೆ ಸರಿಯುತ್ತದೆ. ವಿಂಡ್‌ಲಾಸ್ ಎಂಬ ಕೈಹಿಡಿಯನ್ನು ಹಲ್ಲುಚಕ್ರದ ತುದಿಗೆ ಸಿಕ್ಕಿಸಿ ತಿರುಗಿಸಿದರೆ ಕೊಕ್ಕೆ ಕಟಕಟ ಸದ್ದು ಮಾಡುತ್ತದೆ, ಹಲ್ಲಿನ ಪಟ್ಟಿ ಏರುತ್ತದೆ, ತೂಬು ತೆರೆಯುತ್ತದೆ. ಸುಮಾರು ಒಂದು ಲಕ್ಷ ಲೀಟರ್ ನೀರು ಒಳಗೆ ನುಗ್ಗುತ್ತದೆ. ಬಾವಿಯೊಳಗಿದ್ದಂತೆ ಕಾಣುತ್ತಿದ್ದ ನನ್ನವರ ಟೋಪಿ, ಮುಖ, ಭುಜ ಒಂದೊಂದಾಗಿ ನನ್ನ ಮಟ್ಟಕ್ಕೆ ಏರಿ ಬರುತ್ತವೆ. ನೂರಾರು ಲಾಕ್ ದಾಟಿದ ಮೇಲೂ ಆ ಗಳಿಗೆ ನನಗೆ ಹಳತಾಗಿಲ್ಲ. ಮರೀನಾದ ವರ್ಷ ನಾವು ದಾಟಿದ್ದು ಬರೀ ಹನ್ನೆರಡು.

ಜುಲೈನಲ್ಲಿ ಅವ್ವ ಪಾಂಡವಪುರದಿಂದ ಬಂದಳು. ದೋಣಿ ಆಗ ನ್ಯಾಂಟ್‌ವಿಚ್ ಹತ್ತಿರವಿತ್ತು. ಬಂದವಳೇ ದಂಡೆಯ ಮೇಲೆ ನಿಂತು ನೀರನ್ನು ನೋಡಿ ಕೇಳಿದಳು, "ಯಾಕಮ್ಮಾ ನಿಂತುಬಿಟ್ಟಿದೆ? ಯಾವಾಗ ನೀರು ಬಿಡುತ್ತಾರೆ?"

ಇಲ್ಲಿನ ನಾಲೆಗಳು ಹರಿಯುವುದಕ್ಕೆಂದು ಕಟ್ಟಿದವಲ್ಲ, ಕಲ್ಲಿದ್ದಲು, ಪಿಂಗಾಣಿ, ಹತ್ತಿ ಸಾಗಿಸುವುದಕ್ಕೆ ಎಂದು ವಿವರಿಸಿದೆ. ಎತ್ತರದ ಜಾಗದಲ್ಲಿ ಜಲಾಶಯಗಳಿವೆ, ಪ್ರತಿ ದೋಣಿ ಲಾಕ್ ದಾಟಿದಾಗಲೂ ಅಲ್ಲಿಂದ ಒಂದು ಪಾಲು ನೀರು ಕೆಳಗಿಳಿಯುತ್ತದೆ ಎಂದೆ. ಅವಳಿಗೆ ಕೂಡಲೇ ಅರ್ಥವಾಯಿತು. "ಹಾಗಾದರೆ ಮಳೆ ಬರದಿದ್ದರೆ ನಿಮಗೂ ಕಷ್ಟ." ಹೌದು, ಅದೇ ಆಯಿತು. 2025ರ ಬೇಸಿಗೆಯಲ್ಲಿ ಬರ ಬಂದು ಮಧ್ಯ ಮತ್ತು ಉತ್ತರ ಇಂಗ್ಲೆಂಡಿನ ಹಲವು ನಾಲೆಗಳಲ್ಲಿ ಲಾಕ್‌ಗಳನ್ನು ಮುಚ್ಚಿದರು, ನಾವು ಮರಳಬೇಕಿದ್ದ ದಾರಿಯೂ ಅವುಗಳಲ್ಲಿ ಸೇರಿತ್ತು. ಕೆ.ಆರ್.ಎಸ್. 124.80 ಅಡಿ ಮುಟ್ಟಿತೇ ಎಂದು ದಿನಾ ಬೆಳಿಗ್ಗೆ ಪತ್ರಿಕೆ ನೋಡುವ ಊರಿನಿಂದ ಬಂದವಳು ನಾನು, ಇಲ್ಲಿಯೂ ಜಲಾಶಯದ ಮಟ್ಟ ನೋಡುತ್ತಾ ಕೂತೆ. ಮರೀನಾದಲ್ಲಿದ್ದಿದ್ದರೆ ಆ ಸುದ್ದಿ ನಮ್ಮನ್ನು ತಟ್ಟುತ್ತಲೇ ಇರಲಿಲ್ಲ. ಸಾಗುವವರು ಇದಕ್ಕೆ ಸಿದ್ಧರಿರಬೇಕು: ದಾರಿ ಮುಚ್ಚಿದರೆ ತಾಳ್ಮೆ ಬೇಕು, ಕೆಲಸ ದೋಣಿಯಿಂದಲೇ ಆಗುವಂತಿರಬೇಕು.

ನಮ್ಮ ಅದೃಷ್ಟಕ್ಕೆ ಹತ್ತಿರದಲ್ಲೇ ಲ್ಲಾಂಗೊಲ್ಲೆನ್ ನಾಲೆ ಇತ್ತು. ಅದು ಹರಿಯುತ್ತದೆ. ವೇಲ್ಸ್‌ನ ಡೀ ನದಿಯಿಂದ ನೀರು ಪಡೆದು ಹರ್ಲ್‌ಸ್ಟನ್ ಜಲಾಶಯಕ್ಕೆ ತರುವ ನಾಲೆ ಅದು, ಕುಡಿಯುವ ನೀರಿನ ಈ ಕೆಲಸವಿದ್ದುದರಿಂದಲೇ ಕಳೆದ ಶತಮಾನದಲ್ಲಿ ಮುಚ್ಚಿಹೋಗದೆ ಉಳಿಯಿತು. ಹರ್ಲ್‌ಸ್ಟನ್‌ನ ನಾಲ್ಕು ಲಾಕ್ ಏರಿ ಎದುರು ಹರಿವಿನಲ್ಲಿ ಮೆಲ್ಲನೆ ಸಾಗಿದೆವು. ಪಾಂಟ್‌ಕಸುಲ್ಟೆ ಮೇಲ್ಗಾಲುವೆಯ ಮೇಲೆ ಅವ್ವನನ್ನು ದೋಣಿಯ ಮುಂದಿನ ಕಟ್ಟೆಯಲ್ಲಿ ಕೂರಿಸಿದೆ. 1805ರಲ್ಲಿ ತೆರೆದದ್ದು, 307 ಮೀಟರ್ ಉದ್ದದ ಎರಕದ ಕಬ್ಬಿಣದ ತೊಟ್ಟಿ, ನದಿಯಿಂದ 38 ಮೀಟರ್ ಮೇಲೆ. ಒಂದು ಕಡೆ ಕಾಲುದಾರಿ ಮತ್ತು ಕಂಬಿ, ಇನ್ನೊಂದು ಕಡೆ ನೀರಿನ ಮಟ್ಟಕ್ಕಿಂತ ಗೇಣುದ್ದ ಎತ್ತರದ ಕಬ್ಬಿಣದ ಅಂಚು, ಅದರಾಚೆ ಆಕಾಶ. ಅವ್ವ ಕಂಬಿ ಇಲ್ಲದ ಕಡೆಗೇ ಮುಖ ಮಾಡಿ ಕೂತಿದ್ದಳು, ಕೆಳಗೆ ಡೀ ನದಿ ಬಂಡೆಗಳ ನಡುವೆ ಬಿಳಿಯಾಗಿ ಹರಿಯುತ್ತಿತ್ತು. ಪೂರ್ತಿ ದಾಟುವವರೆಗೆ ಮಾತಾಡಲಿಲ್ಲ.

ಖರ್ಚಿನ ಮಾತು ಚಿಕ್ಕದು. ಹೆಚ್ಚುವರಿ ಲೈಸೆನ್ಸ್ ಶುಲ್ಕ, ಡೀಸೆಲ್, ಕಲ್ಲಿದ್ದಲು ಎಲ್ಲ ಸೇರಿಸಿದರೂ ಸಾಗಿದ ವರ್ಷ ನಮಗೆ ಸುಮಾರು 2,500 ಪೌಂಡ್ ಉಳಿಯಿತು. ಆದರೂ ಬರೀ ಬಾಡಿಗೆ ಉಳಿಸಲೆಂದು ಈ ದಾರಿ ಹಿಡಿಯಬೇಡಿ ಎಂದೇ ಹೇಳುತ್ತೇನೆ. ಶಾಲೆಗೆ ಹೋಗುವ ಮಕ್ಕಳಿದ್ದು, ದಿನವೂ ಒಂದೇ ಕಚೇರಿಗೆ ಹೋಗಬೇಕಿದ್ದು, ಎರಡು ವಾರಕ್ಕೊಮ್ಮೆ ಜಾಗ ಬದಲಿಸುವ ಕುಟುಂಬಗಳನ್ನು ದಾರಿಯಲ್ಲಿ ಕಂಡಿದ್ದೇವೆ. ಅವರ ದಣಿವು ನೋಡಿದರೆ ಸಂಕಟವಾಗುತ್ತದೆ. ಅವರಿಗೆ ಬೇಕಾಗಿರುವುದು ನೆಲೆ. ಅಂಥವರು ಮರೀನಾದ ಬಾಡಿಗೆ ಹೊಂದಿಸಲು ಸಾಧ್ಯವಿದ್ದರೆ ಅದನ್ನೇ ಆರಿಸಬೇಕು. ವೃದ್ಧರಿಗೂ, ಪದೇ ಪದೇ ಆಸ್ಪತ್ರೆಗೆ ಹೋಗಬೇಕಾದವರಿಗೂ ಅದೇ ಸರಿ.

ನಮ್ಮಿಬ್ಬರ ಆಯ್ಕೆ ಸಾಗುವುದು. ಚಳಿಗಾಲದ ನಾಲ್ಕು ತಿಂಗಳಿಗೆ ಮಾತ್ರ ಟ್ರಸ್ಟ್ ಕೊಡುವ ಚಳಿಗಾಲದ ಮೂರಿಂಗ್ ತೆಗೆದುಕೊಂಡು ಒಂದೆಡೆ ನಿಲ್ಲುತ್ತೇವೆ, ನಲ್ಲಿಯೂ ಎಲ್ಸಾನೂ ನಡೆದು ಹೋಗುವಷ್ಟು ಹತ್ತಿರವಿರುವ ಜಾಗ ನೋಡಿ. ಒಲೆಯ ಬೂದಿ ತೆಗೆಯುವ ಕೆಲಸ ಅಲ್ಲಿಯೂ ತಪ್ಪುವುದಿಲ್ಲ, ಆದರೆ ಮಂಜಿನ ಬೆಳಿಗ್ಗೆ ಹಗ್ಗ ಬಿಚ್ಚಬೇಕಾಗಿಲ್ಲ. ಅವ್ವ ಊರಿಗೆ ಹೋದ ಮೇಲೂ ಭಾನುವಾರದ ಫೋನಿನಲ್ಲಿ ಮೊದಲು ಕೇಳುವುದು ಒಂದೇ ಮಾತು: "ಈಗ ಯಾವ ನಾಲೆಯಲ್ಲಿದ್ದೀರಿ? ಹರಿಯುವುದೋ, ನಿಂತದ್ದೋ?"