ವಾಷಿಂಗ್ ಮೆಷಿನ್ ಬಿಸಿನೀರಿಗೆ ನಿಂತರೆ ಬೋರ್ಡಿಗೆ ಹಣ ಕೊಡುವ ಮುನ್ನ

ಬಿಸಿನೀರಿನ ಒಗೆತದ ನಡುವೆ ವಾಷಿಂಗ್ ಮೆಷಿನ್ ನಿಂತು, ಪರದೆಯ ಮೇಲೆ ತಾಪಮಾನದ ಸೆನ್ಸರ್ ಕೆಟ್ಟಿದೆ ಎಂಬ ಸಂಕೇತ ಬಂದರೆ, ವಿದ್ಯುತ್ ಅಳೆಯುವ ಮೀಟರ್ ಹಿಡಿಯದೆ ‘ಬೋರ್ಡ್ (ಯಂತ್ರವನ್ನು ನಡೆಸುವ ಎಲೆಕ್ಟ್ರಾನಿಕ್ ಫಲಕ) ಹೋಗಿದೆ’ ಎನ್ನುವವನನ್ನು ಅಂಗಳದಿಂದಲೇ ಹಿಂದೆ ಕಳುಹಿಸಿ. ನಮ್ಮಲ್ಲಿ ಹಾಗೆ ಹೇಳಿದವನು 7,800 ರೂಪಾಯಿ ತೆಗೆದುಕೊಂಡು ಹೋದ. ದೋಷ ಇದ್ದಲ್ಲಿಯೇ ಉಳಿಯಿತು.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಅಡಿಕೆ ತೋಟದ ನಡುವೆ ನಮ್ಮ ಮನೆ. ಅತ್ತೆ ಹಾಸಿಗೆ ಹಿಡಿದಿರುವುದರಿಂದ ಅವರ ಹೊದಿಕೆಗಳನ್ನು 60 ಡಿಗ್ರಿಯಲ್ಲಿಯೇ ಒಗೆಯಬೇಕು. ಆಟಿ ತಿಂಗಳ ಜಡಿಮಳೆಯಲ್ಲಿ ಯಂತ್ರ ಕೈಕೊಟ್ಟಿತು. ತಣ್ಣೀರಿನಲ್ಲಿ ಚೆನ್ನಾಗಿ ತಿರುಗುತ್ತಿತ್ತು, ಬಿಸಿನೀರು ಎಂದರೆ ಸ್ವಲ್ಪ ಹೊತ್ತಿನಲ್ಲಿ ನಿಲ್ಲುತ್ತಿತ್ತು. ಮೊಬೈಲಿನಲ್ಲಿ ಕಂಪನಿಯ ಹೆಸರು ಹಾಕಿ ಹುಡುಕಿದಾಗ ಮೊದಲು ಕಂಡ ‘ಅಧಿಕೃತ ಸೇವಾ ಕೇಂದ್ರ’ಕ್ಕೆ ಮಗ ಕರೆ ಮಾಡಿದ. ಬಂದವನು ಕನ್ನಡದಲ್ಲಿಯೇ ಮಾತನಾಡಿದ. ಫೋನು ಎತ್ತಿದರೆ ಮಲಯಾಳವೇ ಕೇಳಿ ಅಭ್ಯಾಸವಾದ ಗಡಿನಾಡಿನವರಿಗೆ ಅಷ್ಟು ಸಾಕು. ಚಹಾದ ಜೊತೆ ಬಾಳೆಕಾಯಿ ಚಿಪ್ಸ್ ಕೂಡ ಬಂತು.

ಯಂತ್ರದ ಹಿಂಬದಿಯನ್ನು ಅವನು ಬಿಚ್ಚಲೇ ಇಲ್ಲ. ಗುಂಡಿಗಳನ್ನು ಒತ್ತಿ ನೋಡಿ, “ಅಕ್ಕಾ, ಮಿಂಚಿಗೆ ಬೋರ್ಡ್ ಹೋಗಿದೆ” ಎಂದ. ನಮ್ಮ ಕಡೆ ಮಿಂಚಿನ ಮೇಲೆ ಯಾವ ಆರೋಪ ಹೊರಿಸಿದರೂ ನಂಬುತ್ತಾರೆ. ಬೋರ್ಡ್ ಬದಲಿಸಿ, ತಣ್ಣೀರಿನಲ್ಲಿ ತಿರುಗಿಸಿ ತೋರಿಸಿ, ಹಳೆಯದನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ತಣ್ಣೀರಿನಲ್ಲಿ ಅದು ಮೊದಲೂ ತಿರುಗುತ್ತಿತ್ತಲ್ಲ! ಸಂಜೆ ಹೊದಿಕೆ ಹಾಕಿ ಬಿಸಿನೀರಿಗೆ ಇಟ್ಟರೆ ಮತ್ತೆ ಅದೇ ಸಂಕೇತ. ಕರೆ ಮಾಡಿದರೆ, ಈಗ ಹೀಟರ್ ಬದಲಿಸಬೇಕು, ಅದಕ್ಕೆ ಬೇರೆ ಹಣ ಎಂಬ ಉತ್ತರ.

ನಿಜವನ್ನು ಕಂಡುಹಿಡಿದವನು ನೆರೆಮನೆಯವರ ಸೋದರಳಿಯ, ಮಂಗಳೂರಿನಲ್ಲಿ ಏಸಿ ರಿಪೇರಿ ಮಾಡುವ ಹುಡುಗ. ಏಸಿಯಲ್ಲಿಯೂ ಇಂಥದೇ ಸೆನ್ಸರ್ ಇರುತ್ತದೆಯಂತೆ. ಥರ್ಮಿಸ್ಟರ್ ಎನ್ನುತ್ತಾರೆ, ಬಿಸಿಯೇರಿದಂತೆ ಅದರ ವಿದ್ಯುತ್ ಪ್ರತಿರೋಧ ಇಳಿಯುತ್ತದೆ. ಆ ಅಂಕಿಯನ್ನು ನೋಡಿ ನೀರು ಎಷ್ಟು ಕಾದಿದೆ ಎಂದು ಬೋರ್ಡ್ ತಿಳಿದುಕೊಳ್ಳುತ್ತದೆ. ತಂತಿ ತುಂಡಾದರೆ ಪ್ರತಿರೋಧ ಅಪಾರವೆಂದು ಕಾಣುತ್ತದೆ, ತಂತಿಗಳು ಒಂದಕ್ಕೊಂದು ತಗುಲಿದರೆ ಸೊನ್ನೆ. ಎರಡೂ ನಂಬುವ ಅಂಕಿಗಳಲ್ಲವಾದ್ದರಿಂದ ಬೋರ್ಡ್ ಹೀಟರನ್ನು ತಡೆದು ಸಂಕೇತ ತೋರಿಸುತ್ತದೆ. ಎಂದರೆ ನಮ್ಮ ಹಳೆಯ ಬೋರ್ಡ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಅದನ್ನೇ ಕಿತ್ತುಕೊಂಡು ಹೋದ ಪುಣ್ಯಾತ್ಮ.

ಹುಡುಗ ಮೊದಲು ಪ್ಲಗ್ ಕಿತ್ತ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ತೆಗೆಯಬೇಕು ಎಂದು ಒತ್ತಿ ಹೇಳಿದ. ಹಿಂದಿನ ತಗಡು ಬಿಚ್ಚಿದಾಗ ಡ್ರಮ್ಮಿನ ತಳದಲ್ಲಿ ಹೀಟರ್, ಅದರ ಪಕ್ಕದಲ್ಲಿ ಎರಡು ತಂತಿಗಳ ಸಣ್ಣ ಸೆನ್ಸರ್ ಕಂಡಿತು. (ಕೆಲವು ಯಂತ್ರಗಳಲ್ಲಿ ಹೀಟರ್ ಮುಂಭಾಗದಲ್ಲಿರುತ್ತದೆ.) ತಂತಿ ಕಳಚಿ ಸೆನ್ಸರಿಗೆ ನೇರವಾಗಿ ಮೀಟರ್ ಇಟ್ಟರೆ ಅಂಕಿ ಬಂತು. ಅದನ್ನು ಹೊರತೆಗೆದು ಲೋಟದ ಬಿಸಿನೀರಿನಲ್ಲಿ ಅದರ ತುದಿಯನ್ನು ಅದ್ದಿದಾಗ ಅಂಕಿ ಸರಸರನೆ ಇಳಿಯಿತು. ಸೆನ್ಸರಿಗೂ ಏನೂ ಆಗಿರಲಿಲ್ಲ! ಅದನ್ನು ಮತ್ತೆ ಜೋಡಿಸಿ, ಬೋರ್ಡಿನ ಕಡೆಯ ಕನೆಕ್ಟರನ್ನು ಕಳಚಿ ಅಲ್ಲಿಂದ ಅಳೆದರೆ ಮಾತ್ರ ಏನೂ ತೋರಿಸಲಿಲ್ಲ. ನಡುವಿನ ತಂತಿಯನ್ನು ಇಲಿ ಕಡಿದಿತ್ತು. ಮಳೆಗಾಲದಲ್ಲಿ ತೋಟದ ಇಲಿಗಳಿಗೆಲ್ಲ ಬೆಚ್ಚಗಿನ ಮನೆ ಬೇಕು. ನಮ್ಮ ಯಂತ್ರದ ತಳವೋ ತೆರೆದೇ ಇತ್ತು. ತಂತಿ ಬೆಸೆದು, ನೀರು ತಾಗದಂತೆ ಅದಕ್ಕೆ ಸ್ಲೀವ್ (ಕೊಳವೆ) ತೊಡಿಸಿದ ಮೇಲೆ 60 ಡಿಗ್ರಿಯ ಒಗೆತ ಕೊನೆಯವರೆಗೂ ನಡೆಯಿತು.

ಸೆನ್ಸರಿನ ಈ ಅಂಕಿ ಎಲ್ಲ ಯಂತ್ರಗಳಲ್ಲಿಯೂ ಒಂದೇ ಅಲ್ಲ. ಕೋಣೆಯ ಉಷ್ಣತೆಯಲ್ಲಿ ಕೆಲವದರಲ್ಲಿ ಕೆಲವೇ ಸಾವಿರ ಓಮ್, ಕೆಲವದರಲ್ಲಿ ಹತ್ತಾರು ಸಾವಿರ. ಸೆನ್ಸರೇ ಕೆಟ್ಟಿದ್ದರೆ ನಿಮ್ಮ ಮಾದರಿಗೆ ಸರಿಯಾದದ್ದನ್ನೇ ತರಿಸಿ. ಗಾತ್ರ ಒಂದೇ ಎಂದು ಬೇರೆಯದನ್ನು ತುರುಕಿದರೆ ನೀರಿನ ಬಿಸಿಯ ಲೆಕ್ಕ ತಪ್ಪುತ್ತದೆ. ಬಿಸಿನೀರಿನ ಒಗೆತದಲ್ಲಿ ಮನೆಯ ಇಎಲ್‌ಸಿಬಿ (ವಿದ್ಯುತ್ ಸೋರಿದರೆ ತಾನಾಗಿ ಆರುವ ಸುರಕ್ಷತಾ ಸ್ವಿಚ್) ಬೀಳುತ್ತಿದ್ದರೆ ಅದು ಬೇರೆಯೇ ವಿಷಯ: ಹೀಟರಿನಿಂದ ವಿದ್ಯುತ್ ಸೋರುತ್ತಿರಬಹುದು, ಯಂತ್ರವನ್ನು ಮುಟ್ಟಲೇಬೇಡಿ.

ರಿಪೇರಿಯಾದ ಮೇಲೆ ಯಾವ ಒಗೆತಕ್ಕೆ ನಿಂತಿತ್ತೋ ಅದೇ ಒಗೆತವನ್ನು ಎದುರಿಗೇ ನಡೆಸಿ ತೋರಿಸಲು ಹೇಳಿ. ಗಂಟೆ ಹಿಡಿದರೂ ಪರವಾಗಿಲ್ಲ, ಕುಳಿತುಕೊಳ್ಳಲಿ. ಕಳಚಿದ ಭಾಗ ನಿಮ್ಮದು, ಬಿಟ್ಟುಕೊಡಬೇಡಿ. ಫೋನ್ ಸಂಖ್ಯೆಯನ್ನು ವಾರಂಟಿ ಪುಸ್ತಕದಿಂದ ತೆಗೆದುಕೊಳ್ಳಿ. ನಾವು ಆಮೇಲೆ ಅಲ್ಲಿನ ಸಂಖ್ಯೆಗೆ ಕರೆ ಮಾಡಿದಾಗ, ನಮ್ಮ ಹೆಸರಿನಲ್ಲಿ ದೂರೇ ದಾಖಲಾಗಿಲ್ಲ, ಆ ಮನುಷ್ಯ ತಮ್ಮವನೇ ಅಲ್ಲ ಎಂದರು.

ಅವನು ಕೊಟ್ಟ ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆಯೂ ಇಲ್ಲ, ವಿಳಾಸವೂ ಇಲ್ಲ. ಆದರೆ ಹಣವನ್ನು ಯುಪಿಐ ಮೂಲಕ ಕಳುಹಿಸಿದ್ದರಿಂದ ಅದರ ದಾಖಲೆ ಇದೆ. ಅದನ್ನು ಹಿಡಿದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ. ಮೊದಲು ಮೊಬೈಲಿನಲ್ಲಿ ಸಿಕ್ಕಿದ್ದ ‘ಸೇವಾ ಕೇಂದ್ರ’ದ ಸಂಖ್ಯೆಗೆ ಮೊನ್ನೆ ಮಗ ಮತ್ತೆ ಕರೆ ಮಾಡಿದ್ದ. ಈಗ ಅದು ಬೇರೊಂದು ಕಂಪನಿಯ ಫ್ರಿಜ್ ರಿಪೇರಿಯ ಅಧಿಕೃತ ಕೇಂದ್ರವಂತೆ.