ಬಿಸಿಲಿಗೆ ಸಡಿಲವಾಗುವ ಹಗ್ಗ: 6 ಮಿ.ಮೀ. ಸಿಸಲ್ ಬಗ್ಗೆ ಹೊಸ ಸ್ಕೌಟ್ ಮಾಸ್ಟರ್‌ಗಳಿಗೆ

ಸಂಜೆ ಗಳ ಅಲ್ಲಾಡದಷ್ಟು ಬಿಗಿಯಾಗಿದ್ದ ಲ್ಯಾಶಿಂಗ್ (ಗಳಗಳನ್ನು ಹಗ್ಗ ಸುತ್ತಿ ಜೋಡಿಸಿದ ಕಟ್ಟು) ಮರುದಿನ ಹೊತ್ತೇರಿದ ಮೇಲೆ ಸಡಿಲ. ಸಿಸಲ್ ಹಗ್ಗದ ಮೇಲೆ ಒಂದೇ ಒಂದು ದೂರು ಹೇಳಬಹುದು ಅಂದರೆ ನನ್ನ ದೂರು ಇದೇ. ಟ್ರೂಪ್ (ಸ್ಕೌಟ್ ದಳ) ಕೈಗೆ ಬಂದ ಹೊಸತರಲ್ಲಿ ಪಯೋನಿಯರಿಂಗ್‌ಗೆಂದು, ಅಂದರೆ ಗಳ-ಹಗ್ಗದಿಂದ ಚೌಕಟ್ಟು ಕಟ್ಟುವ ಕೆಲಸಕ್ಕೆಂದು, ಬಹುತೇಕರು ಕೊಳ್ಳುವುದು 6 ಮಿ.ಮೀ. ದಪ್ಪದ, ಮೂರೆಳೆಯ ಈ ಕತ್ತಾಳೆ ನಾರಿನ ಹಗ್ಗವನ್ನೇ. ಎಷ್ಟು ಭಾರ ತಡೆಯುತ್ತದೆ ಎಂಬುದು ಚೀಟಿಯಲ್ಲಿ ಇರುತ್ತದೆ, ಓದಿಕೊಳ್ಳಿ. ಚೀಟಿಯಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಡಿಲವಾಗುವುದು ಯಾಕೆ? ನಾರು ನೀರು ಕುಡಿದಾಗ ಅಡ್ಡಕ್ಕೆ ಉಬ್ಬುತ್ತದೆ. ಹಗ್ಗ ದಪ್ಪವಾದ ಹಾಗೆ ಒಂದರ ಮೇಲೊಂದು ಹೊಸೆದುಕೊಂಡಿರುವ ಎಳೆಗಳು ಹೆಚ್ಚು ದೂರ ಸುತ್ತಬೇಕಾಗುತ್ತದೆ, ಆ ಉದ್ದವನ್ನು ಹಗ್ಗವೇ ಬಿಟ್ಟುಕೊಡುತ್ತದೆ. ಅಂದರೆ ಒದ್ದೆಯಾದರೆ ಗಿಡ್ಡ, ಒಣಗಿದರೆ ಮತ್ತೆ ಉದ್ದ. ಇಬ್ಬನಿ ಬಿದ್ದ ರಾತ್ರಿ ಸುತ್ತುಗಳು ಬಿಗಿದುಕೊಂಡು ಗಳಕ್ಕೆ ಕಚ್ಚುತ್ತವೆ, ಗಂಟು ಒಳಕ್ಕೆ ಕುಸಿಯುತ್ತದೆ. ಬಿಸಿಲು ಬಂದಾಗ ಹಗ್ಗ ಉದ್ದವಾಗುತ್ತದೆ, ಆದರೆ ಕುಸಿದ ಗಂಟು ಮೇಲೇಳುವುದಿಲ್ಲ. ಆ ವ್ಯತ್ಯಾಸವೇ ಸಡಿಲ. ಒದ್ದೆ ಹಗ್ಗದಲ್ಲೇ ಕಟ್ಟಿದ್ದರಂತೂ ಕೇಳುವುದೇ ಬೇಡ: ಕಟ್ಟುವಾಗ ಚೆನ್ನಾಗಿ ಬಿಗಿದಂತೆ ಅನ್ನಿಸುತ್ತದೆ, ಒಣಗಿದ ಮೇಲೆ ಬೆರಳು ತೂರುವಷ್ಟು ಜಾಗ. ‘ನೆನೆಸಿ ಕಟ್ಟಿದರೆ ಗಟ್ಟಿ’ ಎಂಬ ಸಲಹೆ ಎಲ್ಲಿಂದ ಹುಟ್ಟಿತೋ ಗೊತ್ತಿಲ್ಲ. ಕಿವಿಗೆ ಹಾಕಿಕೊಳ್ಳಬೇಡಿ.

ಇದರ ಪೆಟ್ಟು ಮೊದಲು ಬೀಳುವುದು ಟ್ರೆಸಲ್ ಮೇಲೆ, ಅಂದರೆ ಗಳಗಳಿಂದ ಕಟ್ಟಿದ ಆಧಾರದ ಚೌಕಟ್ಟಿನ ಮೇಲೆ. ಒಂದು ಟ್ರೆಸಲ್‌ಗೆ 6 ಗಳ, 9 ಲ್ಯಾಶಿಂಗ್: ಎರಡು ಕಾಲಿಗೆ ಎರಡು ಅಡ್ಡ ಗಳ ಸೇರುವಲ್ಲಿ 4 ಸ್ಕ್ವೇರ್, ಗುಣಾಕಾರದ ಆಸರೆ ಗಳಗಳ ತುದಿಯಲ್ಲಿ 4 ಸ್ಕ್ವೇರ್, ನಡುವೆ 1 ಡಯಾಗನಲ್. ಆಸರೆಯ ತುದಿ ಸಡಿಲವಾದರೆ ಚೌಕಟ್ಟು ಪಕ್ಕಕ್ಕೆ ವಾಲಲು ಶುರುಮಾಡುತ್ತದೆ. ಹೊಸಬರು ತಪ್ಪುವ ಇನ್ನೊಂದು ಜಾಗವೂ ಇಲ್ಲೇ ಇದೆ. ಆಸರೆಯ ನಾಲ್ಕು ತುದಿಗಳಲ್ಲಿ ಮೂರು ಕಾಲುಗಳ ಒಂದು ಬದಿಗೆ, ನಾಲ್ಕನೆಯದು ಇನ್ನೊಂದು ಬದಿಗೆ ಬರಬೇಕು. ಆಗ ನಡುವೆ ಎರಡು ಗಳಗಳ ಮಧ್ಯೆ ಸಂದು ಉಳಿಯುತ್ತದೆ, ಡಯಾಗನಲ್ ಲ್ಯಾಶಿಂಗ್ ಆ ಸಂದನ್ನು ಎಳೆದು ಮುಚ್ಚುತ್ತದೆ, ಆ ಎಳೆತದಿಂದಲೇ ಇಡೀ ಟ್ರೆಸಲ್ ಬಿಗಿಯಾಗಿ ನಿಲ್ಲುತ್ತದೆ. ನಾಲ್ಕನ್ನೂ ಒಂದೇ ಬದಿಗೆ ಕಟ್ಟಿ, ಆಮೇಲೆ ಹಗ್ಗವನ್ನು ಬೈದರೆ ಪ್ರಯೋಜನವಿಲ್ಲ.

ಇಷ್ಟು ಬೈದ ಮೇಲೆ ಪಾಲಿಪ್ರೊಪಿಲೀನ್ ಹಗ್ಗ ಹಿಡಿದು ನೋಡಿ. ಬಣ್ಣ ಚೆಂದ, ಹಗುರ, ನೀರು ಕುಡಿಯುವುದಿಲ್ಲ, ಕೊಳೆಯುವುದಿಲ್ಲ, ನೀರಿನಲ್ಲಿ ತೇಲುತ್ತದೆ ಕೂಡ. ಆದರೆ ನುಣುಪು. ಅದರಲ್ಲಿ ಹಾಕಿದ ಕ್ಲೋವ್ ಹಿಚ್ (ಗಳಕ್ಕೆ ಎರಡು ಸುತ್ತು ಹಾಕಿ ಬಿಗಿಯುವ ಗಂಟು) ಭಾರ ಬಿದ್ದಾಗಲೆಲ್ಲ ಒಂದಿಷ್ಟು ಜಾರುತ್ತದೆ, ಮೂರು ಸುತ್ತು ಹಾಕಿದರೂ ಗಳದ ಮೇಲೆ ನಿಲ್ಲುವುದಿಲ್ಲ. ಬಿಸಿಲಲ್ಲಿ ಬಿಟ್ಟರೆ ಮೇಲ್ಮೈ ಪುಡಿಪುಡಿ ಉದುರಲು ಶುರು. ನೈಲಾನ್ ಗಟ್ಟಿ, ಆದರೆ ಹಿಗ್ಗುತ್ತದೆ. ಹಿಗ್ಗುವ ಹಗ್ಗದಲ್ಲಿ ಲ್ಯಾಶಿಂಗ್ ಮಾಡುವುದೆಂದರೆ ಜೋಲಾಡುವ ಚೌಕಟ್ಟಿಗೆ ನೀವೇ ಆಹ್ವಾನ ಕೊಟ್ಟಂತೆ. ಡೇರೆಯ ಹಗ್ಗಕ್ಕೆ ಪಾಲಿಯೆಸ್ಟರ್ ಒಳ್ಳೆಯದು, ಅಲ್ಲಿ ಅದನ್ನೇ ಇಡಿ. ಗಳಕ್ಕೆ ಕಚ್ಚಿ ಹಿಡಿಯುವ ವಿಷಯದಲ್ಲಿ ಮಾತ್ರ ನಾರಿನ ಹಗ್ಗಕ್ಕೆ ಸಾಟಿ ಇಲ್ಲ. ಎರಡನೇ ಸುತ್ತು ಎಳೆದು ಹಿಡಿದಾಗ ಹಗ್ಗ ಕಿರ್ ಎಂದು ಸದ್ದು ಮಾಡುತ್ತದೆ, ಕೈ ಬಿಟ್ಟರೂ ಅಲ್ಲೇ ನಿಲ್ಲುತ್ತದೆ. ಆ ಸದ್ದು ಕೇಳಿದವರು ಮತ್ತೆ ಪ್ಲಾಸ್ಟಿಕ್ ಕಡೆ ತಿರುಗುವುದು ಕಷ್ಟ.

ಮನಿಲಾ ಇನ್ನೂ ಮೇಲು, ಅನುಮಾನವಿಲ್ಲ. ಅಬಕಾ ಎಂಬ ಬಾಳೆ ಜಾತಿಯ ಗಿಡದ ನಾರು ಅದು, ಸಿಸಲ್‌ಗಿಂತ ಗಟ್ಟಿ, ಕೈಗೂ ಮೃದು. ಟ್ರೂಪ್ ನಿಧಿ ಧಾರಾಳವಾಗಿದ್ದರೆ ಅದನ್ನೇ ಕೊಳ್ಳಿ. ಮಕ್ಕಳು ಕೆಸರಲ್ಲಿ ಎಳೆದಾಡುವ, ತುಳಿಯುವ ಸಾಮಾನಿಗೆ ಅಷ್ಟು ಸುರಿಯಲು ನನಗೆ ಮನಸ್ಸಿಲ್ಲ.

ಸಡಿಲಕ್ಕೆ ಮದ್ದು ಇರುವುದು ಕಟ್ಟುವ ರೀತಿಯಲ್ಲಿ. ಸ್ಕ್ವೇರ್ ಲ್ಯಾಶಿಂಗ್‌ಗೆ ನೆಟ್ಟಗಿನ ಗಳದ ಮೇಲೆ, ಅಡ್ಡ ಗಳ ಕೂರುವ ಜಾಗದ ತುಸು ಕೆಳಗೆ ಕ್ಲೋವ್ ಹಿಚ್ ಹಾಕಿ, ಉಳಿದ ಚಿಕ್ಕ ತುದಿಯನ್ನು ಉದ್ದ ಹಗ್ಗದ ಜೊತೆ ಹೊಸೆದುಬಿಡಿ. ಆಮೇಲೆ 3 ಸುತ್ತು. ಪ್ರತಿ ಹೊಸ ಸುತ್ತು ಅಡ್ಡ ಗಳದ ಮೇಲೆ ಹಿಂದಿನ ಸುತ್ತಿನ ಹೊರಗೆ, ನೆಟ್ಟಗಿನ ಗಳದ ಮೇಲೆ ಒಳಗೆ ಬರಬೇಕು. ಸುತ್ತು ಸುತ್ತಿನ ಮೇಲೆ ಏರಿದರೆ ಹೋಯಿತು, ಒಣಗಿದಾಗ ಮೇಲಿನದು ಪಕ್ಕಕ್ಕೆ ಜಾರಿ ಎಲ್ಲ ಸಡಿಲ. ಕೊನೆಗೆ ಎರಡು ಗಳಗಳ ನಡುವೆ, ಹಾಕಿದ ಸುತ್ತುಗಳನ್ನೇ ಸುತ್ತಿ ಬಿಗಿಸುವ 2 ಫ್ರಾಪಿಂಗ್ ಸುತ್ತು, ಅಡ್ಡ ಗಳದ ಮೇಲೆ ಕ್ಲೋವ್ ಹಿಚ್‌ನಿಂದ ಮುಕ್ತಾಯ. ಬಿಗಿ ಬರುವುದು ಈ ಫ್ರಾಪಿಂಗ್‌ನಲ್ಲೇ. ಬರಿಗೈಯಲ್ಲಿ ಎಳೆದರೆ 6 ಮಿ.ಮೀ. ಹಗ್ಗ ಬೆರಳು ಕೊಯ್ಯುತ್ತದೆ, ಅದಕ್ಕೇ ಮಕ್ಕಳು ಅರ್ಧಕ್ಕೆ ನಿಲ್ಲಿಸುವುದು. ಹಗ್ಗಕ್ಕೆ ಮಾರ್ಲಿನ್‌ಸ್ಪೈಕ್ ಹಿಚ್ ಹಾಕಿ ಒಂದು ಗೇಣುದ್ದದ ಗಟ್ಟಿ ಕಡ್ಡಿ ತೂರಿಸಿ, ಕಡ್ಡಿ ಹಿಡಿದು ಎಳೆಯಲಿ. ಫರಕು ತಕ್ಷಣ ಗೊತ್ತಾಗುತ್ತದೆ.

ಮರುದಿನ ಇಬ್ಬನಿ ಆರಿದ ಮೇಲೆ ಪ್ರತಿ ಪೆಟ್ರೋಲ್ (ಟ್ರೂಪ್‌ನೊಳಗಿನ ಚಿಕ್ಕ ತಂಡ) ತಾನು ಕಟ್ಟಿದ್ದನ್ನು ಅಲ್ಲಾಡಿಸಿ ನೋಡಬೇಕು. ಸಡಿಲವಾಗಿದ್ದರೆ ಇಡೀ ಲ್ಯಾಶಿಂಗ್ ಬಿಚ್ಚುವ ಅಗತ್ಯವಿಲ್ಲ. ಕೊನೆಯ ಕ್ಲೋವ್ ಹಿಚ್ ಬಿಚ್ಚಿ, ಫ್ರಾಪಿಂಗ್ ಮತ್ತೆ ಎಳೆದು, ಇನ್ನೊಂದು ಸುತ್ತು ಸೇರಿಸಿ ಕಟ್ಟಿದರೆ ಸಾಕು. ಇದಕ್ಕಾಗಿ ಕಟ್ಟುವಾಗಲೇ ಒಂದು ಮೊಳದಷ್ಟು ತುದಿ ಉಳಿಸಿಕೊಂಡಿರಬೇಕು. ಈ ತಪಾಸಣೆ ಆಗುವವರೆಗೆ ಯಾರೂ ಮೇಲೆ ಹತ್ತಕೂಡದು.

ಬೇಗ ಮುಗಿಯಬೇಕಿದ್ದರೆ ಜಪಾನೀಸ್ ಮಾರ್ಕ್ 2 ಲ್ಯಾಶಿಂಗ್ ಇದೆ: ಹಗ್ಗದ ನಡುಭಾಗದಿಂದ ಶುರು, ಎರಡೂ ತುದಿ ಒಟ್ಟಿಗೆ ಕೆಲಸ ಮಾಡುತ್ತವೆ, ಕೊನೆಗೆ ರೀಫ್ ನಾಟ್. ವಿಶ್ವ ಸ್ಕೌಟ್ ಲಾಂಛನದ ಸುತ್ತ ಇರುವ ಹಗ್ಗದಲ್ಲಿ ಬಿದ್ದಿರುವುದೂ ಇದೇ ಗಂಟು. ಲಾಂಛನದಲ್ಲಿದೆ ಎಂದು ಎಲ್ಲ ಕಡೆ ಅದನ್ನೇ ಹಾಕಬೇಡಿ. ಗಳಕ್ಕೆ ಒತ್ತಿ ಕೂತಾಗ ರೀಫ್ ನಾಟ್ ಸೈ, ಭಾರ ಹೊರುವ ಎರಡು ಹಗ್ಗಗಳನ್ನು ಜೋಡಿಸಲು ಅಲ್ಲ. ಅಲ್ಲಿ ಶೀಟ್ ಬೆಂಡ್.

ಉದ್ದದ ಲೆಕ್ಕ ಸುಲಭ. ಎರಡೂ ಗಳಗಳ ವ್ಯಾಸ ಕೂಡಿಸಿ 36ರಿಂದ ಗುಣಿಸಿ. 5 ಸೆಂ.ಮೀ.ನ ಎರಡು ಗಳಕ್ಕೆ 3.6 ಮೀಟರ್, ಅಂದರೆ 4 ಮೀಟರ್ ತುಂಡು. 8 ಸೆಂ.ಮೀ.ನ ಎರಡಕ್ಕೆ ಸುಮಾರು 5.8, ಅಂದರೆ 6 ಮೀಟರ್. ಸ್ಕೌಟ್ ಕೋಲುಗಳಿಗೆ 3 ಮೀಟರ್ ಸಾಕು. ಮೊದಲೇ ಕತ್ತರಿಸಿ ಮಾರುವ ಸೆಟ್‌ಗಳಲ್ಲಿ ಬರುವ ಒಂದೇ ಅಳತೆಯ ತುಂಡುಗಳು ಯಾವುದಕ್ಕೂ ಸರಿಹೋಗುವುದಿಲ್ಲ: ದೊಡ್ಡ ಗಳಕ್ಕೆ ಗಿಡ್ಡ, ಕೋಲಿಗೆ ಉದ್ದ. ಉದ್ದ ಮಿಕ್ಕಿತೆಂದು ಮಕ್ಕಳು ಹತ್ತು ಸುತ್ತು ಹಾಕುತ್ತಾರೆ, ಫ್ರಾಪಿಂಗ್‌ಗೆ ಜಾಗವೇ ಉಳಿಯುವುದಿಲ್ಲ. 220 ಮೀಟರ್ ಸುರುಳಿ ಕೊಂಡು ನೀವೇ ಕತ್ತರಿಸಿ. 4 ಮೀಟರ್ ತುಂಡಾದರೆ 55 ಬರುತ್ತವೆ, ಆರು ಟ್ರೆಸಲ್ ಕಟ್ಟಿಯೂ ಒಂದು ಮಿಗುತ್ತದೆ. ಸುರುಳಿಯ ಒಳಗಿನ ತುದಿಯಿಂದ ಎಳೆಯಿರಿ, ಹಗ್ಗ ಅಪ್ರದಕ್ಷಿಣವಾಗಿ ಬಿಚ್ಚಿಕೊಳ್ಳಬೇಕು. ಪ್ರದಕ್ಷಿಣವಾಗಿ ಬರುತ್ತಿದ್ದರೆ ಸುರುಳಿ ಮಗುಚಿ ಹಾಕಿ, ಇಲ್ಲದಿದ್ದರೆ ಉದ್ದಕ್ಕೂ ಮುರಿ ಬೀಳುತ್ತದೆ.

ಕತ್ತರಿಸಿದ ತುದಿಗೆ ಅಂಟುಪಟ್ಟಿ ಸುತ್ತಿ ಕೈತೊಳೆದುಕೊಳ್ಳಬೇಡಿ. ಒಂದು ಮಳೆಗೆ ಅದು ಕಳಚಿ, ಎಳೆಗಳು ಗೇಣುದ್ದ ಬಿಚ್ಚಿಕೊಳ್ಳುತ್ತವೆ. ಮೇಣ ಸವರಿದ ದಾರದಿಂದ ವಿಪ್ಪಿಂಗ್ ಮಾಡಿ: ದಾರದ ಒಂದು ಕುಣಿಕೆಯನ್ನು ಹಗ್ಗದ ಉದ್ದಕ್ಕೆ ಇಟ್ಟು, ತುದಿಯ ಕಡೆಗೆ ಒತ್ತೊತ್ತಾಗಿ ಸುತ್ತುತ್ತಾ ಹೋಗಿ, ಸುಮಾರು 1 ಸೆಂ.ಮೀ. ಆದಾಗ ದಾರವನ್ನು ಕುಣಿಕೆಗೆ ತೂರಿಸಿ, ಇನ್ನೊಂದು ತುದಿ ಎಳೆದು ಕುಣಿಕೆಯನ್ನು ಸುತ್ತಿನ ನಡುವಿಗೆ ತಂದು ಮಿಕ್ಕಿದ್ದು ಕತ್ತರಿಸಿ. 3 ಮೀಟರಿಗೆ ಕೆಂಪು ದಾರ, 4ಕ್ಕೆ ನೀಲಿ, 6ಕ್ಕೆ ಹಸಿರು ಅಂತ ಮಾಡಿಕೊಂಡರೆ ಅಳೆಯುವ ಗೋಜಿಲ್ಲ. ಬ್ಯಾಕ್ ಸ್ಪ್ಲೈಸ್ (ತುದಿಯ ಎಳೆಗಳನ್ನು ಹಿಂದಕ್ಕೆ ಹಗ್ಗದೊಳಗೇ ಹೆಣೆಯುವುದು) ನೋಡಲು ಚೆಂದ, ಆದರೆ ತುದಿ ದಪ್ಪವಾಗಿ ಗಳಗಳ ಸಂದಿಯಲ್ಲಿ ತೂರುವುದಿಲ್ಲ.

ಇನ್ನು ಕೂಟದ ಕೊನೆಯ ಹತ್ತು ನಿಮಿಷ, ನನಗೆ ಈ ಹಗ್ಗ ಇಷ್ಟವಾಗುವ ಹೊತ್ತು. ಪ್ರತಿ ಪೆಟ್ರೋಲ್‌ನಲ್ಲಿ ಸಾಮಾನು ನೋಡಿಕೊಳ್ಳುವ ಕ್ವಾರ್ಟರ್‌ಮಾಸ್ಟರ್ ತುಂಡುಗಳನ್ನು ಎಣಿಸಿಕೊಳ್ಳುತ್ತಾನೆ. ಒಬ್ಬೊಬ್ಬರೂ ತಮ್ಮ ಹಗ್ಗವನ್ನು ಅಂಗೈಯಲ್ಲಿ ಒಮ್ಮೆ ಪೂರ್ತಿ ಹರಿಯಬಿಡುತ್ತಾರೆ. ಸವೆದ ಜಾಗ, ಮುರಿ, ತೇವ ಎಲ್ಲ ಕೈಗೇ ತಿಳಿಯುತ್ತದೆ. ಅನುಮಾನ ಬಂದಲ್ಲಿ ಹುರಿ ಎದುರು ತಿರುಗಿಸಿ ಎಳೆಗಳನ್ನು ಬಿಡಿಸಿ ಒಳಗೆ ಇಣುಕುತ್ತಾರೆ. ಒಳಗಿನ ನಾರು ತಿಳಿ ಬಣ್ಣದ್ದಾಗಿದ್ದರೆ ಒಳ್ಳೆಯದು. ಬೂದು ಪುಡಿ, ಬೂಷ್ಟು ವಾಸನೆ, ಪಟಪಟ ಮುರಿಯುವ ನಾರು ಕಂಡರೆ ಆ ತುಂಡು ಪಯೋನಿಯರಿಂಗ್‌ಗೆ ಸಲ್ಲದು. ಆಮೇಲೆ ಪ್ರದಕ್ಷಿಣವಾಗಿ ಸುರುಳಿ ಸುತ್ತಿ, ಕೊನೆಯ ಮೂರು ನಾಲ್ಕು ಸುತ್ತನ್ನು ನಡುವಿಗೆ ಬಿಗಿದು, ತುದಿ ತೂರಿಸಿ ಗೂಟಕ್ಕೆ ನೇತುಹಾಕುವುದು. ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಬೇಡ, ಸಿಮೆಂಟ್ ನೆಲವೂ ಬೇಡ. ಒದ್ದೆ ಹಗ್ಗವನ್ನು ಒಂದು ವಾರ ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೂಷ್ಟು ಖಂಡಿತ. ಬೆಂಕಿಯ ಹತ್ತಿರ ಒಣಗಿಸುವುದೂ ತಪ್ಪು, ನಾರು ಪೆಡಸಾಗುತ್ತದೆ. ನೆರಳು, ಗಾಳಿ, ಅಷ್ಟೇ.

ಸಿಸಲ್ ಚುಚ್ಚುತ್ತದೆ, ಅದಂತೂ ನಿಜ. ಹೊಸದರಲ್ಲಿ ನಾರು ಅಂಗೈಗೆ ಮುಳ್ಳಿನಂತೆ ಹತ್ತುತ್ತದೆ, ಅಂಗಿ ತುಂಬ ಉದುರುತ್ತದೆ. ಬಳಸುತ್ತಾ ಹೋದಂತೆ ಕಡಿಮೆಯಾಗುತ್ತದೆ. ಹಾಗಾಗಿ ಕಬ್‌ಗಳ (ಸ್ಕೌಟ್‌ಗಳಿಗಿಂತ ಚಿಕ್ಕ ಮಕ್ಕಳ) ಕೈಗೆ ಇದನ್ನು ಕೊಡಬೇಡಿ, ಅವರ ಗಂಟಿನ ಅಭ್ಯಾಸಕ್ಕೆ 2 ಮೀಟರ್ ಹತ್ತಿ ಹಗ್ಗ ಸಾಕು. ಮನುಷ್ಯರನ್ನು ಇಳಿಬಿಡಲು, ಬಂಡೆ ಹತ್ತಲು ಯಾವ ಕಾರಣಕ್ಕೂ ಇದು ಸಲ್ಲದು. ಅದಕ್ಕೆ ಬೇರೆ ಹಗ್ಗ, ಬೇರೆ ತರಬೇತಿ ಇದೆ.

ತೆಗೆದಿಟ್ಟ ತುಂಡುಗಳಲ್ಲಿ ಬೂಷ್ಟು ಹಿಡಿಯದವನ್ನು ಮೀಟರ್ ಉದ್ದಕ್ಕೆ ಕತ್ತರಿಸಿ ಗಂಟಿನ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಉಳಿದದ್ದು ಗೊಬ್ಬರದ ಗುಂಡಿಗೆ, ವಿಪ್ಪಿಂಗ್ ದಾರ ನೈಲಾನ್ ಆಗಿದ್ದರೆ ಅದನ್ನು ಮಾತ್ರ ಮೊದಲು ಕತ್ತರಿಸಿ ತೆಗೆಯಿರಿ. ನನ್ನ ಮುಂದಿನ ಖರೀದಿಯೂ ಸಿಸಲ್ಲೇ: 6 ಮಿ.ಮೀ. ಒಂದು ಸುರುಳಿ, ದಪ್ಪ ಗಳಗಳಿಗೆಂದು 8 ಮಿ.ಮೀ. ಅರ್ಧ ಸುರುಳಿ. ಕತ್ತರಿಸಿದ ಸೆಟ್ ಮಾತ್ರ ಬೇಡವೇ ಬೇಡ.